ಬಿಸಿ ಹಾಲಿನ ಟ್ರೇ: ಎರಾಸ್ಟೊ ಎಂಪೆಂಬಾ ಎಂಬ ವಿದ್ಯಾರ್ಥಿಯ ಪ್ರಕರಣ

ಬಿಸಿ ಪಾತ್ರೆಯನ್ನು ಫ್ರಿಜ್‌ನಲ್ಲಿ ಇಡಬಾರದು, ಫ್ರಿಜ್ ಹಾಳಾಗುತ್ತದೆ. ಫ್ರಿಜ್ ಇರುವ ಮನೆಯಲ್ಲಿ ಈ ಮಾತು ಕೇಳದೆ ಬೆಳೆದ ಮಕ್ಕಳು ಕಡಿಮೆ. 1963ರಲ್ಲಿ ಪೂರ್ವ ಆಫ್ರಿಕಾದ ಟಾಂಗನಿಕಾದಲ್ಲಿ ಓದುತ್ತಿದ್ದ ಎರಾಸ್ಟೊ ಎಂಪೆಂಬಾ ಎಂಬ ಹುಡುಗನಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಮೀರಿದ. ಬಿಸಿ ಹಾಲು ತಣ್ಣನೆ ಹಾಲಿಗಿಂತ ಮೊದಲು ಹೆಪ್ಪುಗಟ್ಟುವುದು ಯಾಕೆ ಎಂದು ಆ ದಿನ ಹುಟ್ಟಿದ ಪ್ರಶ್ನೆಗೆ ಭೌತವಿಜ್ಞಾನಿಗಳು ಇವತ್ತಿಗೂ ಒಮ್ಮತದ ಉತ್ತರ ಕೊಟ್ಟಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದೆ ಎಷ್ಟೋ ಸಲ ಇಟ್ಟಿದ್ದೇನೆ. ಕೇಳಿದವರು ಸಾಮಾನ್ಯವಾಗಿ, "ಪಾಪ, ಮೇಷ್ಟ್ರು ಹುಡುಗನ ಬಾಯಿ ಮುಚ್ಚಿಸಿದರು, ಕೊನೆಗೆ ಹುಡುಗನೇ ಗೆದ್ದ" ಎಂದು ಮುಗಿಸಿಬಿಡುತ್ತಾರೆ. ಅಷ್ಟು ಸಲೀಸಾಗಿ ಮುಗಿಯುವ ಸಂಗತಿ ಇದಲ್ಲ. ಆ ಮೇಷ್ಟ್ರು ಕಲಿಸುತ್ತಿದ್ದ ಪಾಠದಲ್ಲಿ ತಪ್ಪಿರಲಿಲ್ಲ. ಹುಡುಗನ ಮಾತನ್ನು ಕೊನೆಗೆ ಕೇಳಿಸಿಕೊಂಡ ಪ್ರೊಫೆಸರಿಗೂ ಅವನು ಎಲ್ಲೋ ಎಡವಿದ್ದಾನೆ ಅಂತಲೇ ಅನಿಸಿತ್ತು. ಹಾಗಾದರೆ ಇಬ್ಬರ ನಡುವೆ ವ್ಯತ್ಯಾಸ ಎಲ್ಲಿ ಬಂತು? ಅದನ್ನು ನಿಧಾನವಾಗಿ ನೋಡಬೇಕು ಎಂದು ಇಡೀ ಪ್ರಕರಣವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮಗಾಂಬಾದ ಫ್ರಿಜ್

ಮಗಾಂಬಾ ಸೆಕೆಂಡರಿ ಶಾಲೆ ಇರುವುದು ದೇಶದ ಈಶಾನ್ಯಕ್ಕೆ, ಉಸಂಬಾರಾ ಬೆಟ್ಟಸಾಲಿನ ಲುಶೊಟೊ ಕಡೆ. ಎಂಪೆಂಬಾ ಆಗ ಅಲ್ಲಿ ಫಾರ್ಮ್ 3ರ, ಅಂದರೆ ಸೆಕೆಂಡರಿಯ ಮೂರನೇ ವರ್ಷದ ವಿದ್ಯಾರ್ಥಿ. ಅಲ್ಲಿನ ಹುಡುಗರಿಗೆ ತಾವೇ ಐಸ್‌ಕ್ರೀಮ್ ಮಾಡಿಕೊಳ್ಳುವ ಅಭ್ಯಾಸವಿತ್ತು. ಊರಿನ ಹೆಂಗಸರ ಹತ್ತಿರ ಹಾಲು ಕೊಳ್ಳುವುದು, ಕಾಯಿಸುವುದು, ಸಕ್ಕರೆ ಬೆರೆಸುವುದು, ಆರಲು ಬಿಟ್ಟು ಆಮೇಲೆ ಟ್ರೇಗೆ ಸುರಿದು ಫ್ರೀಜರಿನಲ್ಲಿ ಇಡುವುದು. ಹುಡುಗರು ಹೆಚ್ಚು, ಟ್ರೇಗಳು ಕಡಿಮೆ. ಮೊದಲು ಹೋದವನಿಗೆ ಜಾಗ.

ಒಂದು ದಿನ ಎಂಪೆಂಬಾ ಹಾಲು ಕಾಯಿಸುತ್ತಿದ್ದ. ಅದನ್ನು ನೋಡಿದ ಇನ್ನೊಬ್ಬ ಹುಡುಗನಿಗೆ ತನಗೆ ಜಾಗ ಸಿಗಲಿಕ್ಕಿಲ್ಲ ಎಂಬ ಆತಂಕ ಶುರುವಾಯಿತು. ಅವನು ಹಾಲು ಕಾಯಿಸುವ ಗೋಜಿಗೇ ಹೋಗಲಿಲ್ಲ. ಹಸಿ ಹಾಲಿಗೆ ಸಕ್ಕರೆ ಕಲಸಿ, ಟ್ರೇಗೆ ಸುರಿದು, ಓಡಿಹೋಗಿ ಒಳಗಿಟ್ಟ. ಉಳಿದದ್ದು ಒಂದೇ ಟ್ರೇ. ಹಾಲು ಆರುವವರೆಗೆ ಕಾದರೆ ಅದೂ ಹೋಗುತ್ತದೆ. ಫ್ರಿಜ್ ಕೆಟ್ಟರೆ ಕೆಡಲಿ ಎಂದುಕೊಂಡು ಎಂಪೆಂಬಾ ಹಬೆಯಾಡುವ ಹಾಲನ್ನೇ ಟ್ರೇಗೆ ಸುರಿದು ಇಟ್ಟುಬಿಟ್ಟ.

ಒಂದೂವರೆ ಗಂಟೆ ಕಳೆದ ಮೇಲೆ ಇಬ್ಬರೂ ಹೋಗಿ ಬಾಗಿಲು ತೆಗೆದರು. ಎಂಪೆಂಬಾನ ಟ್ರೇಯಲ್ಲಿ ಐಸ್‌ಕ್ರೀಮ್ ಗಟ್ಟಿಯಾಗಿ ಕೂತಿತ್ತು. ಇನ್ನೊಬ್ಬನದು ಮಂದವಾಗಿತ್ತಷ್ಟೇ, ಹೆಪ್ಪುಗಟ್ಟಿರಲಿಲ್ಲ.

ಎಂಪೆಂಬಾ ಇದನ್ನು ಭೌತಶಾಸ್ತ್ರದ ಮೇಷ್ಟ್ರ ಹತ್ತಿರ ಒಯ್ದು ಕೇಳಿದ. "ನಿನಗೆ ಗೊಂದಲ ಆಗಿದೆ. ಹಾಗೆ ಆಗಲು ಸಾಧ್ಯವಿಲ್ಲ" ಎಂದರು. ತಾನು ಆ ಉತ್ತರವನ್ನು ಆಗ ನಂಬಿದೆ ಎಂದು ಎಂಪೆಂಬಾ ಮುಂದೆ ಸ್ವತಃ ಬರೆದಿದ್ದಾರೆ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಇದೇ. ತನ್ನ ಕೈಯಾರೆ ಇಟ್ಟ ಟ್ರೇ, ತನ್ನ ಕಣ್ಣಾರೆ ಕಂಡ ಐಸ್‌ಕ್ರೀಮ್. ಎರಡನ್ನೂ ಬದಿಗಿಟ್ಟು ಮೇಷ್ಟ್ರ ಒಂದು ವಾಕ್ಯವನ್ನು ನಂಬಿದ. ಹದಿಹರೆಯದ ಹುಡುಗನ ಮೇಲೆ ತರಗತಿಗೆ ಇರುವ ಬಲ ಅಂಥದ್ದು.

ಅದೇ ಸುಮಾರಿಗೆ ಟಾಂಗಾ ಪಟ್ಟಣದಲ್ಲಿ ಐಸ್‌ಕ್ರೀಮ್ ಮಾಡಿ ಮಾರುವ ಗೆಳೆಯನೊಬ್ಬ ಸಿಕ್ಕ. ಬೇಗ ಗಟ್ಟಿಯಾಗಲಿ ಎಂದು ತಾನು ಬಿಸಿಬಿಸಿಯಾಗಿಯೇ ಫ್ರಿಜ್‌ನಲ್ಲಿ ಇಡುವುದಾಗಿ ಅವನು ಹೇಳಿದ. ವಿಚಾರಿಸಿದರೆ ಟಾಂಗಾದ ಬೇರೆ ಐಸ್‌ಕ್ರೀಮ್ ಮಾರುವವರದ್ದೂ ಅದೇ ಪದ್ಧತಿ. ತರಗತಿ ಇಲ್ಲ ಎಂದದ್ದನ್ನು ಬೀದಿ ಹೌದು ಎಂದಿತು. ಹುಡುಗನ ಮನಸ್ಸಿನಲ್ಲಿ ಮುಚ್ಚಿಹೋಗಿದ್ದ ಪ್ರಶ್ನೆ ಮತ್ತೆ ತೆರೆದುಕೊಂಡಿತು.

176 ಜನರ ದೇಶ

ಇಲ್ಲಿ ಸ್ವಲ್ಪ ನಿಂತು ಆ ಕಾಲವನ್ನು ನೋಡಬೇಕು. ಇಲ್ಲದಿದ್ದರೆ ಮೇಷ್ಟ್ರೂ ಅರ್ಥವಾಗುವುದಿಲ್ಲ, ಹುಡುಗನೂ ಅರ್ಥವಾಗುವುದಿಲ್ಲ.

ಟಾಂಗನಿಕಾ ಸ್ವತಂತ್ರವಾದದ್ದು 1961ರ ಡಿಸೆಂಬರ್ 9ರಂದು. 1964ರಲ್ಲಿ ಜಾಂಜಿಬಾರ್ ಜೊತೆ ಸೇರಿ ಟಾಂಜಾನಿಯಾ ಆಯಿತು. ಸ್ವಾತಂತ್ರ್ಯ ಬಂದ ವರ್ಷ ಇಡೀ ದೇಶದ ಸೆಕೆಂಡರಿ ಶಾಲೆಗಳಲ್ಲಿ ಇದ್ದ ಮಕ್ಕಳು 11,832. ಅವರಲ್ಲಿ ವಿಶ್ವವಿದ್ಯಾಲಯದ ಹೊಸಿಲಾದ ಫಾರ್ಮ್ 6ರಲ್ಲಿದ್ದವರು 176 ಜನ. 1967ರ ಹೊತ್ತಿಗೆ ಆ ಸಂಖ್ಯೆಗಳು 25,000 ಮತ್ತು 830ಕ್ಕೆ ಏರಿದ್ದವು. ಈ ಲೆಕ್ಕ ಕೊಟ್ಟವರು ಅಧ್ಯಕ್ಷ ಜೂಲಿಯಸ್ ನ್ಯೆರೆರೆ, ಸ್ವಾವಲಂಬನೆಗಾಗಿ ಶಿಕ್ಷಣ ಎಂಬ ತಮ್ಮ 1967ರ ನೀತಿ ಬರಹದಲ್ಲಿ. ನ್ಯೆರೆರೆ ಕೂಡ ಶಾಲೆಯಲ್ಲಿ ಪಾಠ ಮಾಡಿದವರೇ. ಅವರ ಜನ ಅವರನ್ನು ಕೊನೆಯವರೆಗೂ ಕರೆದದ್ದು 'ಮ್ವಾಲಿಮು' ಎಂದು. ಸ್ವಾಹಿಲಿಯಲ್ಲಿ ಹಾಗೆಂದರೆ ಮೇಷ್ಟ್ರು.

ಈ ಅಂಕಿಗಳ ಒಳಗೆ ಒಬ್ಬ ಹುಡುಗನನ್ನು ಇಟ್ಟು ನೋಡಿ. ಫಾರ್ಮ್ 4ರ ಕೊನೆಗೆ ಓ ಲೆವೆಲ್ ಪರೀಕ್ಷೆ. ಅದನ್ನು ದಾಟಿದವರಲ್ಲಿ ಆಯ್ದ ಕೆಲವರಿಗೆ ಮಾತ್ರ ಫಾರ್ಮ್ 5. ಪ್ರಾಥಮಿಕ ಶಾಲೆಯ ಮೊದಲ ವರ್ಷಗಳ ಓದು ಸ್ವಾಹಿಲಿಯಲ್ಲಿ, ಸೆಕೆಂಡರಿ ಇಂಗ್ಲಿಷಿನಲ್ಲಿ. ಇಂಥ ಕಡೆ ತರಗತಿಯಲ್ಲಿ ಎದ್ದು ನಿಂತು ಪಠ್ಯಕ್ಕೆ ವಿರುದ್ಧವಾದ ಪ್ರಶ್ನೆ ಕೇಳುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಸುಮ್ಮನಿದ್ದು ಪರೀಕ್ಷೆ ಬರೆದು ಮೇಲೆ ಹೋಗುವುದು ಬುದ್ಧಿವಂತರ ದಾರಿ. ಮೇಷ್ಟ್ರ ಮೇಲೂ ಅದೇ ಒತ್ತಡ: ಪಠ್ಯ ಮುಗಿಸಬೇಕು, ಫಲಿತಾಂಶ ತರಬೇಕು. ಕೈಗೆ ಸಿಗುವ ಉಪಕರಣಗಳೋ ಎಣಿಸಿಟ್ಟಷ್ಟು.

ಓ ಲೆವೆಲ್ ಪಾಸಾದ ಎಂಪೆಂಬಾ ದೇಶದ ದಕ್ಷಿಣದ ಎತ್ತರದ ಸೀಮೆಯಾದ ಇರಿಂಗಾದ ಎಂಕ್ವಾವಾ ಹೈಸ್ಕೂಲಿಗೆ ಆಯ್ಕೆಯಾದ. ಜರ್ಮನ್ನರ ವಿರುದ್ಧ ಹೋರಾಡಿದ ಹೆಹೆ ಜನಾಂಗದ ಮುಖಂಡ ಎಂಕ್ವಾವಾನ ಹೆಸರು ಆ ಶಾಲೆಗೆ. ಸ್ವಾತಂತ್ರ್ಯಕ್ಕೆ ಮೊದಲು ಅದೇ ಕಟ್ಟಡಗಳಲ್ಲಿ ಓದುತ್ತಿದ್ದವರು ಬಿಳಿಯರ ಮಕ್ಕಳು.

"ಅದು ಎಂಪೆಂಬಾನ ಫಿಸಿಕ್ಸ್"

ಇರಿಂಗಾದಲ್ಲಿ ಭೌತಶಾಸ್ತ್ರದ ಮೊದಲ ಪಾಠಗಳೇ ಉಷ್ಣದ ಮೇಲೆ ಬಂದವು. ಮೇಷ್ಟ್ರು ನ್ಯೂಟನ್ನನ ತಣಿಯುವಿಕೆಯ ನಿಯಮ ಹೇಳುತ್ತಿದ್ದರು. ಎಂಪೆಂಬಾ ಎದ್ದು ನಿಂತ.

"ಸರ್, ಬಿಸಿ ಹಾಲು, ತಣ್ಣನೆ ಹಾಲು ಎರಡನ್ನೂ ಒಟ್ಟಿಗೆ ಫ್ರಿಜ್‌ನಲ್ಲಿ ಇಟ್ಟರೆ ಬಿಸಿ ಹಾಲೇ ಮೊದಲು ಹೆಪ್ಪುಗಟ್ಟುತ್ತದೆ. ಯಾಕೆ ಸರ್?"

"ನನಗೆ ಹಾಗನಿಸುವುದಿಲ್ಲ, ಎಂಪೆಂಬಾ."

"ನಿಜ ಸರ್, ನಾನೇ ಮಾಡಿ ನೋಡಿದ್ದೇನೆ."

"ನಿನಗೆ ಗೊಂದಲ ಆಗಿದೆ. ಅಷ್ಟೇ ನಾನು ಹೇಳಬಲ್ಲೆ."

ಹುಡುಗ ಬಿಡಲಿಲ್ಲ, ವಾದ ಮುಂದುವರಿಸಿದ. ಕೊನೆಗೆ ಮೇಷ್ಟ್ರು ಹೇಳಿದ್ದು: ಅದು ಎಂಪೆಂಬಾನ ಫಿಸಿಕ್ಸ್, ಜಗತ್ತಿನ ಫಿಸಿಕ್ಸ್ ಅಲ್ಲ.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಲಾಗ್ ಟೇಬಲ್ ನೋಡುವಾಗ ತಪ್ಪಿದರೆ ಮೇಷ್ಟ್ರು "ಇದು ಎಂಪೆಂಬಾನ ಗಣಿತ" ಅನ್ನತೊಡಗಿದರು. ಇಡೀ ಕ್ಲಾಸು ಅದನ್ನು ಎತ್ತಿಕೊಂಡಿತು. ಅವನು ಏನೇ ತಪ್ಪು ಮಾಡಲಿ, ಅದು ಎಂಪೆಂಬಾನ ಇದು, ಎಂಪೆಂಬಾನ ಅದು. ಹೆಸರೇ ತಪ್ಪಿಗೆ ಇನ್ನೊಂದು ಪದವಾಯಿತು. ಶಾಲೆಯಲ್ಲಿ ಹೀಗೆ ಅಂಟಿದ ಹೆಸರು ಹೇಗೆ ಕಾಡುತ್ತದೆ ಎಂದು ಅನುಭವಿಸಿದವರಿಗೆ ಗೊತ್ತು. ಮಗು ಮುಂದಿನ ಸಲ ಕೈ ಎತ್ತುವ ಮೊದಲು ನಾಲ್ಕು ಸಲ ಯೋಚಿಸುತ್ತದೆ, ಆಮೇಲೆ ಎತ್ತುವುದನ್ನೇ ಬಿಡುತ್ತದೆ.

ಎಂಪೆಂಬಾ ಬಿಡಲಿಲ್ಲ. ಒಂದು ಮಧ್ಯಾಹ್ನ ಜೀವಶಾಸ್ತ್ರದ ಲ್ಯಾಬ್ ಬಾಗಿಲು ತೆರೆದಿತ್ತು, ಒಳಗೆ ಮೇಷ್ಟ್ರು ಇರಲಿಲ್ಲ. 50 ಮಿಲಿಲೀಟರಿನ ಎರಡು ಸಣ್ಣ ಬೀಕರ್ ತೆಗೆದುಕೊಂಡ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಬಾಯ್ಲರಿನ ಬಿಸಿ ನೀರು. ಎರಡನ್ನೂ ಲ್ಯಾಬಿನ ಫ್ರಿಜ್‌ನ ಫ್ರೀಜರಿಗೆ ಸೇರಿಸಿ ಹೊರಟುಹೋದ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಯಾವ ಬೀಕರಿನ ನೀರೂ ಪೂರ್ತಿ ಹೆಪ್ಪುಗಟ್ಟಿರಲಿಲ್ಲ. ಆದರೆ ಬಿಸಿ ನೀರು ಹಾಕಿದ್ದರಲ್ಲೇ ಹೆಚ್ಚು ಮಂಜುಗಡ್ಡೆಯಿತ್ತು.

ಇದರ ಬಗ್ಗೆ ಅವರು ಬರೆದದ್ದು ಏನು ಗೊತ್ತೆ? ಇದು ಖಚಿತ ಸಾಕ್ಷ್ಯವಾಗಲಿಲ್ಲ, ಅವಕಾಶ ಸಿಕ್ಕಾಗ ಮತ್ತೆ ಮಾಡಿ ನೋಡಬೇಕು ಅಂದುಕೊಂಡೆ ಎಂದು. ಇಡೀ ಕ್ಲಾಸು ಗೇಲಿ ಮಾಡುತ್ತಿರುವಾಗ, ತನ್ನ ಪರವಾಗಿ ಬಂದ ಫಲಿತಾಂಶವನ್ನು ಹಿಡಿದುಕೊಂಡು ಕುಣಿಯದೆ, "ಇದು ಸಾಲದು" ಅನ್ನುವುದು ಸಣ್ಣ ಮಾತಲ್ಲ. ವಿಜ್ಞಾನದ ಶಿಕ್ಷಣ ಅಂತ ನಾವು ಕರೆಯುವುದು ಆ ಹುಡುಗನಿಗೆ ಆ ಮಧ್ಯಾಹ್ನವೇ ಬಹುಪಾಲು ದಕ್ಕಿತ್ತು ಎಂದು ನಾನು ನಂಬುತ್ತೇನೆ. ಕಲಿಸಿದವರು ಯಾರೂ ಇರಲಿಲ್ಲ. ಬೀಗ ಹಾಕದ ಒಂದು ಬಾಗಿಲಿತ್ತು.

ಅರ್ಧ ಗಂಟೆ ಭಾಷಣ, ಒಂದು ಗಂಟೆ ಪ್ರಶ್ನೆ

ಡಾ. ಡೆನಿಸ್ ಆಸ್ಬೋರ್ನ್ ದಾರ್ ಎಸ್ ಸಲಾಮ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬ್ರಿಟಿಷ್ ಪ್ರಾಧ್ಯಾಪಕರು. ಎಂಕ್ವಾವಾ ಹೈಸ್ಕೂಲಿನ ಮುಖ್ಯೋಪಾಧ್ಯಾಯರು ಅವರನ್ನು ಭಾಷಣಕ್ಕೆ ಕರೆದಿದ್ದರು. ವಿಷಯ: ಭೌತವಿಜ್ಞಾನ ಮತ್ತು ರಾಷ್ಟ್ರದ ಅಭಿವೃದ್ಧಿ. ಭಾಷಣ ಮುಗಿದದ್ದು ಅರ್ಧ ಗಂಟೆಯಲ್ಲಿ. ಪ್ರಶ್ನೆಗಳಿಗೆ ಅದಕ್ಕಿಂತ ಹೆಚ್ಚು ಸಮಯ ಬಿಟ್ಟುಕೊಟ್ಟಿದ್ದರು, ಅವು ಸುಮಾರು ಒಂದು ಗಂಟೆ ನಡೆದವು.

ಎಂಪೆಂಬಾ ಎದ್ದು ನಿಂತ. ಈ ಸಲ ಪ್ರಶ್ನೆಯಲ್ಲಿ ಹಾಲು ಇರಲಿಲ್ಲ, ಫ್ರೀಜರಿನ ಜಾಗಕ್ಕಾಗಿ ಓಡಿದ ಹುಡುಗರ ಕಥೆಯೂ ಇರಲಿಲ್ಲ. ಒಂದೇ ಥರದ ಎರಡು ಪಾತ್ರೆ, ಒಂದೇ ಪ್ರಮಾಣದ ನೀರು. ಒಂದು 35 ಡಿಗ್ರಿ ಸೆಲ್ಸಿಯಸ್, ಇನ್ನೊಂದು 100. ಎರಡನ್ನೂ ಫ್ರಿಜ್‌ನಲ್ಲಿ ಇಟ್ಟರೆ 100ರಿಂದ ಹೊರಟದ್ದೇ ಮೊದಲು ಹೆಪ್ಪುಗಟ್ಟುತ್ತದೆ, ಯಾಕೆ? ಮೂರು ವರ್ಷದ ಹಿಂದೆ ಅಡುಗೆಯ ಅನುಭವವಾಗಿದ್ದದ್ದು ಈಗ ಪ್ರಯೋಗಕ್ಕೆ ಒಡ್ಡಬಹುದಾದ ಪ್ರಶ್ನೆಯಾಗಿ ನಿಂತಿತ್ತು. ಗೇಲಿ ಮಾಡಿದ ತರಗತಿಗಳಲ್ಲೇ ಆತ ಈ ಭಾಷೆಯನ್ನು ಕಲಿತಿದ್ದ ಎಂಬುದನ್ನೂ ಮರೆಯಬಾರದು.

ಸಹಪಾಠಿಗಳು ನಕ್ಕರು. ಆಸ್ಬೋರ್ನ್ ಮುಗುಳ್ನಕ್ಕು, ಇನ್ನೊಮ್ಮೆ ಹೇಳು ಎಂದರು. ಹುಡುಗ ಹೇಳಿದ.

"ನಿಜವೇ? ನೀನು ಮಾಡಿ ನೋಡಿದ್ದೀಯಾ?"

"ಹೌದು."

"ನನಗೆ ಗೊತ್ತಿಲ್ಲ. ದಾರ್ ಎಸ್ ಸಲಾಮ್‌ಗೆ ಹೋದ ಮೇಲೆ ಈ ಪ್ರಯೋಗ ಮಾಡಿ ನೋಡುತ್ತೇನೆ, ಮಾತು ಕೊಡುತ್ತೇನೆ."

ಹುಡುಗ ತಪ್ಪು ತಿಳಿದಿದ್ದಾನೆ ಅಂತಲೇ ಆಗ ಅನಿಸಿತ್ತು ಎಂದು ಆಸ್ಬೋರ್ನ್ ಆಮೇಲೆ ಒಪ್ಪಿಕೊಂಡಿದ್ದಾರೆ. ಆದರೆ ಯಾವ ಪ್ರಶ್ನೆಯನ್ನೂ ಗೇಲಿ ಮಾಡಬಾರದು ಎಂಬುದು ನೆನಪಾಯಿತು. ದಿನನಿತ್ಯದ ಸಂಗತಿಗಳು ಕಾಣುವಷ್ಟು ಸರಳ ಇರುವುದಿಲ್ಲ ಎಂಬುದೂ. ನೀನೂ ಮತ್ತೆ ಮಾಡಿ ನೋಡು ಎಂದು ಹುಡುಗನಿಗೆ ಹೇಳಿ ಹೊರಟರು.

ಮರುದಿನ ಎಂಪೆಂಬಾನಿಗೆ ಸಹಪಾಠಿಗಳಿಂದ ಬೈಗುಳ. ನಮ್ಮ ಮಾನ ತೆಗೆದೆ, ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿ ದೊಡ್ಡವರನ್ನು ಇಕ್ಕಟ್ಟಿಗೆ ಸಿಕ್ಕಿಸುವುದೇ ನಿನ್ನ ಉದ್ದೇಶ ಎಂದರು. ನ್ಯೂಟನ್ನನ ಪಾಠ ನಿನಗೆ ಅರ್ಥವಾಗಿದೆಯಾ ಎಂದು ಕೇಳಿದರು ಕೆಲವರು. ಸಿದ್ಧಾಂತ ಬೇರೆ, ಮಾಡಿ ನೋಡುವುದು ಬೇರೆ ಎಂದ ಎಂಪೆಂಬಾ.

ಆಸ್ಬೋರ್ನ್ ಮಾತು ಉಳಿಸಿಕೊಂಡರು. ದಾರ್ ಎಸ್ ಸಲಾಮ್‌ಗೆ ಮರಳಿ, ಲ್ಯಾಬಿನ ಒಬ್ಬ ಯುವ ತಂತ್ರಜ್ಞನಿಗೆ ಪರೀಕ್ಷಿಸಲು ಹೇಳಿದರು. ಆತ ಮಾಡಿ ಬಂದು, ಬಿಸಿ ನೀರೇ ಮೊದಲು ಹೆಪ್ಪುಗಟ್ಟಿತು ಎಂದು ವರದಿ ಒಪ್ಪಿಸಿದ. ಜೊತೆಗೆ, ಸರಿಯಾದ ಫಲಿತಾಂಶ ಬರುವವರೆಗೂ ಮತ್ತೆ ಮತ್ತೆ ಮಾಡುತ್ತಿರುತ್ತೇವೆ ಎಂದೂ ಸೇರಿಸಿದ! ಉತ್ತರ ಮೊದಲೇ ಗೊತ್ತಿದೆ ಎಂದುಕೊಂಡು ಪ್ರಯೋಗಕ್ಕೆ ಕೂರುವುದು ಹುಡುಗರ ದೌರ್ಬಲ್ಯ ಮಾತ್ರವಲ್ಲ.

ಮೇಷ್ಟ್ರ ತರ್ಕ, ಅದರ ಒಳಗಿನ ಬಿರುಕು

ಈಗ ಮೇಷ್ಟ್ರ ಪರವಾಗಿ ಮಾತಾಡಬೇಕು. ಬಿಸಿ ವಸ್ತು ತಣಿಯುವ ವೇಗ, ಅದಕ್ಕೂ ಸುತ್ತಲಿನ ವಾತಾವರಣಕ್ಕೂ ಉಷ್ಣತೆಯಲ್ಲಿ ಎಷ್ಟು ಅಂತರವಿದೆ ಎಂಬುದರ ಮೇಲೆ ನಿಂತಿದೆ ಎನ್ನುತ್ತದೆ ನ್ಯೂಟನ್ನನ ನಿಯಮ. ಅಂದರೆ ಬಿಸಿ ನೀರು ಮೊದಮೊದಲು ಬೇಗಬೇಗ ತಣಿಯುತ್ತದೆ, ನಿಜ. ಆದರೆ 100ರಿಂದ ಹೊರಟದ್ದು 35ನ್ನು ಮುಟ್ಟದೆ ಸೊನ್ನೆಗೆ ಹೋಗುವಂತಿಲ್ಲ. ಶಿವಮೊಗ್ಗಕ್ಕೆ ಎರಡು ಬಸ್ಸು ಹೊರಟಿವೆ ಅಂದುಕೊಳ್ಳಿ, ಒಂದು ಬೆಂಗಳೂರಿನಿಂದ, ಒಂದು ತುಮಕೂರಿನಿಂದ, ಒಂದೇ ಹೊತ್ತಿಗೆ. ಬೆಂಗಳೂರಿನ ಬಸ್ಸು ಎಷ್ಟೇ ಜೋರಾಗಿ ಬಂದು ತುಮಕೂರು ಮುಟ್ಟಿದರೂ ಆ ಹೊತ್ತಿಗೆ ಇನ್ನೊಂದು ಮುಂದೆ ಹೋಗಿರುತ್ತದೆ. ತುಮಕೂರಿನಿಂದಾಚೆಗೆ ಯಾವ ಜಾಗದಲ್ಲಿ ಎಷ್ಟು ವೇಗ ಎಂಬುದು ಎರಡೂ ಬಸ್ಸಿಗೆ ಒಂದೇ. ಹಿಂದಿನದು ಮುಂದಿನದನ್ನು ಹಿಡಿಯುವುದು ಹೇಗೆ? ಮೇಷ್ಟ್ರ ಉತ್ತರ ಇದೇ, ಇದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ.

ಬಿರುಕು ಇರುವುದು ಒಂದು ಕಡೆ: ತುಮಕೂರು ಮುಟ್ಟಿದ ಬಸ್ಸು ಬೆಂಗಳೂರು ಬಿಟ್ಟಾಗ ಇದ್ದ ಬಸ್ಸೇ ಎಂದು ಈ ತರ್ಕ ಭಾವಿಸಿಕೊಳ್ಳುತ್ತದೆ. ದಾರಿಯಲ್ಲಿ ಜನ ಇಳಿದು ಬಸ್ಸು ಹಗುರಾಗಿರಬಹುದಲ್ಲ? 100ರಿಂದ 35ಕ್ಕೆ ಇಳಿದ ನೀರು, ಮೊದಲಿನಿಂದ 35ರಲ್ಲೇ ಇದ್ದ ನೀರಿನಂತೆಯೇ ಇರಬೇಕಿಲ್ಲ. ಸ್ವಲ್ಪ ಆವಿಯಾಗಿ ಹೋಗಿರುತ್ತದೆ. ಕರಗಿದ ಗಾಳಿ ಹೊರಹೋಗಿರುತ್ತದೆ. ಪಾತ್ರೆಯೊಳಗೆ ಮೇಲಿನ ನೀರು ಬಿಸಿ, ಕೆಳಗಿನದು ತಣ್ಣಗೆ ಆಗಿ ಸುಳಿಗಳು ಏಳುತ್ತಿರುತ್ತವೆ. ಹಳೆಯ ಫ್ರಿಜ್‌ಗಳ ಫ್ರೀಜರಿನಲ್ಲಿ ಕಟ್ಟಿಕೊಂಡ ಹಿಮದ ಪದರವನ್ನು ಬಿಸಿ ಟ್ರೇ ಕರಗಿಸಿ ಲೋಹಕ್ಕೆ ನೇರ ತಾಗಿ ಕೂತಿರಬಹುದು. ಇನ್ನೊಂದು ಸಂಗತಿ, ನೀರು ಸೊನ್ನೆ ಡಿಗ್ರಿಗೆ ಬಂದ ಕೂಡಲೇ ಹೆಪ್ಪುಗಟ್ಟುವುದಿಲ್ಲ. ಎಷ್ಟೋ ಸಲ ಅದಕ್ಕೂ ಕೆಳಗಿಳಿದು ದ್ರವವಾಗಿಯೇ ಇರುತ್ತದೆ, ಯಾವ ಪಾತ್ರೆಯ ನೀರು ಎಷ್ಟು ಕೆಳಗಿಳಿದ ಮೇಲೆ ಹೆಪ್ಪುಗಟ್ಟಲು ಶುರುಮಾಡುತ್ತದೆ ಎಂದು ಮುಂಚೆ ಹೇಳುವುದು ಕಷ್ಟ. ಮಗಾಂಬಾದ ಆ ಮೊದಲ ದಿನದಲ್ಲಂತೂ ಒಂದು ಕಾಯಿಸಿದ ಹಾಲು, ಇನ್ನೊಂದು ಹಸಿ ಹಾಲು. ಹೋಲಿಕೆಯೇ ಸಮವಾಗಿರಲಿಲ್ಲ.

ಆಸ್ಬೋರ್ನ್ ಇವುಗಳಲ್ಲಿ ಕೆಲವನ್ನು ಒಂದೊಂದಾಗಿ ಬಿಡಿಸಲು ನೋಡಿದರು. 100 ಮಿಲಿಲೀಟರಿನ ಗಾಜಿನ ಬೀಕರುಗಳಲ್ಲಿ 70 ಮಿಲಿಲೀಟರ್ ನೀರು. ಕೆಳಗೆ ಶಾಖ ಹರಿಯದ ಫೋಮ್ ಹಾಳೆ, ಹಿಮ ಕರಗಿಸುವ ಮಾತು ಬರದಂತೆ. ಗಾಳಿ ಹೊರಹೋಗಲೆಂದು ಮೊದಲೇ ಕುದಿಸಿದ ನೀರು. ಹೀಗೆ ಬೇರೆ ಬೇರೆ ಉಷ್ಣತೆಯಿಂದ ಶುರುಮಾಡಿ ನೋಡಿದರೆ, ಹೆಪ್ಪುಗಟ್ಟಲು ಆರಂಭಿಸುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಸುಮಾರು 25 ಡಿಗ್ರಿಯಿಂದ ಹೊರಟ ನೀರು. 90ರಿಂದ ಹೊರಟದ್ದು ಅದಕ್ಕಿಂತ ಬೇಗ ಶುರುಮಾಡಿತು. ನೀರಿನ ಮೇಲೆ ಎಣ್ಣೆಯ ಪದರ ಹರಡಿದಾಗ ಹೆಪ್ಪುಗಟ್ಟುವುದು ಗಂಟೆಗಟ್ಟಲೆ ತಡವಾಯಿತು. ಅಂದರೆ ಶಾಖ ಹೆಚ್ಚಾಗಿ ಹೋಗುತ್ತಿದ್ದದ್ದು ಮೇಲ್ಮೈಯಿಂದ. ಆವಿಯಾಗಿ ಕಡಿಮೆಯಾದ ನೀರಿನ ಪ್ರಮಾಣ ಇಷ್ಟು ವ್ಯತ್ಯಾಸಕ್ಕೆ ಸಾಲುವಷ್ಟಿರಲಿಲ್ಲ.

1969ರಲ್ಲಿ 'ಫಿಸಿಕ್ಸ್ ಎಜುಕೇಶನ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಲೇಖನದ ರೂಪವನ್ನು ನಾನು ಪ್ರತಿ ಸಲ ಸಹೋದ್ಯೋಗಿಗಳಿಗೆ ತೋರಿಸುತ್ತೇನೆ. ಮೊದಲ ಹೆಸರು ಎಂಪೆಂಬಾ ಅವರದು, ಆಮೇಲೆ ಆಸ್ಬೋರ್ನ್. ಮೊದಲ ಭಾಗ ಎಂಪೆಂಬಾ ತಮ್ಮದೇ ಮಾತಿನಲ್ಲಿ ಹೇಳಿದ ಕಥೆ: ಹಾಲು, ಟ್ರೇ, ಮೇಷ್ಟ್ರು, ಗೇಲಿ, ಲ್ಯಾಬ್. ಎರಡನೆಯ ಭಾಗ ಆಸ್ಬೋರ್ನ್ ಅವರ ಪ್ರಯೋಗ. ಪ್ರಾಧ್ಯಾಪಕರು ಬಯಸಿದ್ದರೆ "ಒಬ್ಬ ಆಫ್ರಿಕನ್ ವಿದ್ಯಾರ್ಥಿ ಕೇಳಿದ ಪ್ರಶ್ನೆಯಿಂದ" ಎಂದು ಒಂದು ಸಾಲು ಬರೆದು ಉಳಿದದ್ದನ್ನು ತಮ್ಮ ಹೆಸರಿಗೆ ಹಾಕಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಅಧಿಕಾರದಿಂದ ಹೇರುವ ಭೌತವಿಜ್ಞಾನ ಅಪಾಯಕಾರಿ ಎಂಬ ಎಚ್ಚರಿಕೆಯನ್ನೂ ಅದರಲ್ಲಿ ಬರೆದರು. ಎಂಪೆಂಬಾನ ಫಿಸಿಕ್ಸ್ ಎಂದು ತರಗತಿ ನಕ್ಕಿದ್ದ ಹೆಸರು 'ಎಂಪೆಂಬಾ ಪರಿಣಾಮ' ಎಂದು ವಿಜ್ಞಾನದೊಳಗೆ ನಿಂತಿತು.

ಅದೇ ವರ್ಷ ಕೆನಡಾದ ಜಾರ್ಜ್ ಕೆಲ್ ಇದೇ ವಿಷಯದ ಮೇಲೆ ಬೇರೆಯಾಗಿ ಬರೆದಿದ್ದರು. ಅವರ ವಿವರಣೆ ಆವಿಯಾಗುವಿಕೆಯ ಕಡೆಗೆ ವಾಲಿತ್ತು. ಹಿಂದಕ್ಕೆ ಹೋದರೆ ಅರಿಸ್ಟಾಟಲ್, 17ನೇ ಶತಮಾನದ ಚಿಂತಕರಾದ ಫ್ರಾನ್ಸಿಸ್ ಬೇಕನ್, ಡೆಕಾರ್ಟ್ ಎಲ್ಲರೂ ಬಿಸಿ ನೀರು ಬೇಗ ಹೆಪ್ಪುಗಟ್ಟುವುದನ್ನು ಪ್ರಸ್ತಾಪಿಸಿದ್ದಾರೆ. ಟಾಂಗಾದ ಐಸ್‌ಕ್ರೀಮ್ ಮಾರುವವರು ಬಲ್ಲದ್ದನ್ನು ಅರಿಸ್ಟಾಟಲ್ ಕೂಡ ಕೇಳಿ ಬಲ್ಲವನಾಗಿದ್ದ. ನಡುವೆ ಪಠ್ಯಪುಸ್ತಕಗಳು ಅದನ್ನು ಮರೆತಿದ್ದವು.

ತೀರದ ಜಗಳ

ಕಥೆ ಇಲ್ಲಿಗೆ ನಿಂತಿದ್ದರೆ ಹುಡುಗ ಗೆದ್ದ ಎನ್ನಬಹುದಿತ್ತು. 2012ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಈ ಪರಿಣಾಮಕ್ಕೆ ಒಳ್ಳೆಯ ವಿವರಣೆ ಕೊಡಿ ಎಂದು ಸ್ಪರ್ಧೆ ಇಟ್ಟಿತು. 22,000ಕ್ಕೂ ಹೆಚ್ಚು ಜನ ಬರೆದು ಕಳಿಸಿದರು. ಕ್ರೊಯೇಷಿಯಾದ ನಿಕೊಲಾ ಬ್ರೆಗೊವಿಚ್ ಗೆದ್ದರು. ಅದನ್ನು ಘೋಷಿಸಿದವರು ಸ್ವತಃ ಎಂಪೆಂಬಾ. ಆದರೆ 2016ರಲ್ಲಿ ಹೆನ್ರಿ ಬರ್ರಿಜ್ ಮತ್ತು ಪಾಲ್ ಲಿಂಡನ್ ಎಂಬ ಇಬ್ಬರು ವಿಜ್ಞಾನಿಗಳು ತಾವೇ ಎಚ್ಚರದಿಂದ ಪ್ರಯೋಗ ಮಾಡಿ, ಹಿಂದಿನ ಪ್ರಯೋಗಗಳ ಅಂಕಿಗಳನ್ನೂ ಜಾಲಾಡಿ, ಸಾಮಾನ್ಯ ನೀರಿನಲ್ಲಿ ಈ ಪರಿಣಾಮ ಇದೆ ಎನ್ನಲು ತಕ್ಕ ಸಾಕ್ಷ್ಯ ಸಿಗುತ್ತಿಲ್ಲ ಎಂದು ಪ್ರಕಟಿಸಿದರು. ಅವರು ತೋರಿಸಿದ ಒಂದು ಅಂಶ ನನ್ನನ್ನು ಬೆಚ್ಚಿಬೀಳಿಸಿತು. ಎರಡು ಪಾತ್ರೆಗಳಲ್ಲಿ ಥರ್ಮಾಮೀಟರ್ ಒಂದೇ ಎತ್ತರದಲ್ಲಿ ಇಲ್ಲದೆ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಸಾಕು, ಇಲ್ಲದ ಪರಿಣಾಮ ಇದ್ದಂತೆ ಕಾಣಬಹುದು.

ಅದಾದ ಮೇಲೂ ವಿಷಯ ಮುಚ್ಚಿಲ್ಲ. 2020ರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಅವಿನಾಶ್ ಕುಮಾರ್ ಮತ್ತು ಜಾನ್ ಬೆಖ್‌ಹೋಫರ್, ನೀರಿನಲ್ಲಿ ತೇಲುವ ಸೂಕ್ಷ್ಮ ಗಾಜಿನ ಮಣಿಯನ್ನು ಬಳಸಿ, ಹೆಚ್ಚು 'ಬಿಸಿ'ಯಾದದ್ದು ಬೇಗ ತಣಿಯುವ ಸನ್ನಿವೇಶವನ್ನು ಹತೋಟಿಯಲ್ಲಿ ತೋರಿಸಿದರು. ಈಗ ಅಣು-ಪರಮಾಣುಗಳ ಕ್ವಾಂಟಮ್ ಲೋಕದಲ್ಲೂ ಅದೇ ಹೆಸರಿನ ಪರಿಣಾಮದ ಅಧ್ಯಯನ ನಡೆದಿದೆ. ನೀರಿನ ಮಾತು ಮಾತ್ರ ಇನ್ನೂ ಜಗಳದಲ್ಲೇ ಇದೆ.

ಈ ಪ್ರಕರಣದಲ್ಲಿ ನನಗೆ ಮುಖ್ಯ ಎನಿಸುವುದು ಇಲ್ಲಿದೆ. ನಾಳೆ ಎಂಪೆಂಬಾ ಪರಿಣಾಮ ನೀರಿನಲ್ಲಿ ಇಲ್ಲವೇ ಇಲ್ಲ ಎಂದು ಸಿದ್ಧವಾಯಿತು ಅಂತಿಟ್ಟುಕೊಳ್ಳಿ. ಆಗ ಇರಿಂಗಾದ ಮೇಷ್ಟ್ರು ಸರಿ, ಆಸ್ಬೋರ್ನ್ ತಪ್ಪು ಎಂದಾಗುತ್ತದೆಯೇ? ಖಂಡಿತ ಇಲ್ಲ. ಮೇಷ್ಟ್ರು ಸಂಶಯಪಟ್ಟದ್ದರಲ್ಲಿ ದೋಷವಿರಲಿಲ್ಲ. ವಿಜ್ಞಾನದ ಮೇಷ್ಟ್ರು ಸಂಶಯಪಡಲೇಬೇಕು. ಅವರು ಸಂಶಯಪಟ್ಟದ್ದು ಹುಡುಗನ ತಲೆಯ ಮೇಲೆ. ಆಸ್ಬೋರ್ನ್ ಸಂಶಯವನ್ನು ಬೀಕರಿನ ಮೇಲೆ ಇಟ್ಟರು. ಅದೇ ಶಾಲೆಯಲ್ಲಿ ಫ್ರಿಜ್ ಇತ್ತು, ಬೀಕರ್ ಇತ್ತು, ಬಿಸಿ ನೀರಿತ್ತು. "ನಾಳೆ ಮಾಡಿ ನೋಡೋಣ, ನೀನೇ ಮಾಡು" ಅನ್ನಲು ಹಣ ಬೇಕಿರಲಿಲ್ಲ, ಡಾಕ್ಟರೇಟೂ ಬೇಕಿರಲಿಲ್ಲ.

ನಮ್ಮ ತರಬೇತಿಗಳಲ್ಲಿ "ಮಕ್ಕಳನ್ನು ಪ್ರೋತ್ಸಾಹಿಸಿ" ಎಂದು ಹೇಳಿಹೇಳಿ ಆ ಪದವೇ ಸವೆದಿದೆ. ಆಸ್ಬೋರ್ನ್ ಆ ಹುಡುಗನ ಬೆನ್ನು ತಟ್ಟಲಿಲ್ಲ, ಜಾಣ ಎನ್ನಲಿಲ್ಲ. ನೀನು ಮಾಡಿ ನೋಡಿದ್ದೀಯಾ ಎಂದು ಕೇಳಿದರು, ತಾನೂ ಮಾಡುತ್ತೇನೆ ಎಂದರು, ಮಾಡಿದರು.

ಆಮೇಲೆ ಎಂಪೆಂಬಾ

ಲೇಖನ ಅಚ್ಚಾಗುವ ಹೊತ್ತಿಗೆ ಎಂಪೆಂಬಾ ಭೌತವಿಜ್ಞಾನ ಓದುತ್ತಿರಲಿಲ್ಲ. ಕಿಲಿಮಂಜಾರೋ ಬೆಟ್ಟದ ತಪ್ಪಲಿನ ಮೊಶಿ ಹತ್ತಿರ ಆಫ್ರಿಕನ್ ವನ್ಯಜೀವಿ ನಿರ್ವಹಣೆಯ ಕಾಲೇಜು ಇದೆ, 1963ರಲ್ಲಿ ಶುರುವಾದದ್ದು. ಆಫ್ರಿಕಾದ ಕಾಡುಗಳನ್ನು ಆಫ್ರಿಕನ್ನರೇ ನೋಡಿಕೊಳ್ಳುವಂತೆ ಅಧಿಕಾರಿಗಳನ್ನು ತಯಾರು ಮಾಡುವ ಜಾಗ. ಪತ್ರಿಕೆಯಲ್ಲಿ ಅವರ ಹೆಸರಿನ ಜೊತೆ ಇರುವುದು ಆ ಕಾಲೇಜಿನ ವಿಳಾಸ. ಮುಂದೆ ಅವರು ಟಾಂಜಾನಿಯಾದ ನೈಸರ್ಗಿಕ ಸಂಪನ್ಮೂಲ ಮತ್ತು ಪ್ರವಾಸೋದ್ಯಮ ಸಚಿವಾಲಯದಲ್ಲಿ ವನ್ಯಜೀವಿ ಅಧಿಕಾರಿಯಾಗಿ ದುಡಿದರು. ಆಸ್ಬೋರ್ನ್ ಕೂಡ ಭೌತವಿಜ್ಞಾನದಲ್ಲೇ ಉಳಿಯಲಿಲ್ಲ, 1980ರ ದಶಕದಲ್ಲಿ ಮಲಾವಿಗೆ ಬ್ರಿಟಿಷ್ ಹೈಕಮಿಷನರ್ ಆಗಿ ಹೋದರು.

"ಅಯ್ಯೋ, ಒಬ್ಬ ದೊಡ್ಡ ಭೌತವಿಜ್ಞಾನಿ ಆಗಬಹುದಿತ್ತಲ್ಲ" ಎಂದು ಮರುಗುವವರನ್ನು ನೋಡಿದ್ದೇನೆ. ನನಗೆ ಹಾಗೆ ಅನಿಸುವುದಿಲ್ಲ. ಸೆರೆಂಗೆಟಿಯಂಥ ಕಾಡು ಇರುವ, ಆಗಷ್ಟೇ ಸ್ವತಂತ್ರವಾದ ದೇಶಕ್ಕೆ, ಮೊದಲು ಕಣ್ಣಿಟ್ಟು ನೋಡಿ ಆಮೇಲೆ ಮಾತಾಡುವ ಅಧಿಕಾರಿ ಬೇಕಿತ್ತು. ವಿಜ್ಞಾನದ ಓದು ಲ್ಯಾಬ್ ಕೋಟಿನಲ್ಲೇ ಮುಗಿಯಬೇಕು ಎಂದು ಯಾರು ಹೇಳಿದರು?

ಹೋದ ವರ್ಷ ನನ್ನ ಶಾಲೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳ ಜೊತೆ ಈ ಪ್ರಯೋಗಕ್ಕೆ ಕೈಹಾಕಿದೆ. ಶಾಲೆಯಲ್ಲಿ ಫ್ರಿಜ್ ಇಲ್ಲ. ಎದುರಿನ ಬೇಕರಿಯವರು ಮಧ್ಯಾಹ್ನ ಎರಡು ಗಂಟೆ ಫ್ರೀಜರಿನ ಒಂದು ಮೂಲೆ ಬಿಟ್ಟುಕೊಟ್ಟರು. ಎರಡು ಸ್ಟೀಲ್ ಲೋಟ, ಕೆಳಗೆ ಥರ್ಮಾಕೋಲ್ ಚೂರು, ಎರಡು ಥರ್ಮಾಮೀಟರ್. ಮೊದಲ ದಿನ ತಣ್ಣೀರು ಮೊದಲು ಹೆಪ್ಪುಗಟ್ಟಿತು, ಮೂರನೇ ದಿನ ಬಿಸಿ ನೀರು. ಮಕ್ಕಳು ಎರಡು ಗುಂಪಾಗಿ ಕೂಗಾಡತೊಡಗಿದರು. ಹಿಂದೆ ನಿಂತಿದ್ದ, ಸಾಮಾನ್ಯವಾಗಿ ಬಾಯಿ ಬಿಡದ ಒಬ್ಬ ಹುಡುಗಿ ಕೇಳಿದಳು: "ಸರ್, ಎರಡು ಲೋಟದಲ್ಲೂ ಥರ್ಮಾಮೀಟರ್ ಒಂದೇ ಆಳದಲ್ಲಿ ಇತ್ತಾ?"

ನಾನು ನೋಡಿರಲಿಲ್ಲ. ನನಗೆ ಗೊತ್ತಿಲ್ಲಮ್ಮ ಎಂದೆ. ಅವಳ ಕಂಪಾಸ್ ಬಾಕ್ಸಿನಿಂದ ಸ್ಕೇಲ್ ತೆಗೆದುಕೊಂಡು ರಸ್ತೆ ದಾಟಿದೆವು.